ಇನ್ನೂರ ಹನ್ನೆರಡನೇ ಬಿಲ್ಲೆ

ಗುತ್ತೆಪ್ಪ ಪುಕ್ಕಲನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಅವನ ಬಗ್ಗೆ ಬಾಯಿ ತೆರೆದವರೆಲ್ಲ ಆ ಪದದಿಂದಲೇ ಶುರು ಮಾಡುತ್ತಿದ್ದರು. ಹದಿನೆಂಟಕ್ಕೇ ಅಪ್ಪನನ್ನು ಕಳೆದುಕೊಂಡು, ಹನ್ನೊಂದನೇ ದಿನ ಅಪ್ಪನ ಮಗ್ಗದ ಮುಂದೆ ಹೋಗಿ ನಿಂತವನು ಪುಕ್ಕಲ ಹೇಗಾದಾನು? ದಾವಣಗೆರೆ ಆಗ ಗಿರಣಿಗಳ ಕೂಗು ಕೇಳಿ ಏಳುತ್ತಿತ್ತು, ಕೂಗು ಕೇಳಿ ಉಣ್ಣುತ್ತಿತ್ತು. ಅಂಥ ಒಂದು ಬಟ್ಟೆ ಗಿರಣಿಯಲ್ಲಿ ಇಪ್ಪತ್ತು ವರ್ಷ ನೇಯ್ದ ಅಪ್ಪ ಮಗನಿಗೆ ಬಿಟ್ಟುಹೋದದ್ದು ಎರಡೇ: ಆವರಗೆರೆಗೆ ಹೋಗುವ ದಾರಿಯಲ್ಲಿ ಒಂದು ಹೆಂಚಿನ ಮನೆ, ಮತ್ತು ೨೧೨ ಎಂದು ಕೊರೆದ ಒಂದು ಹಿತ್ತಾಳೆ ಬಿಲ್ಲೆ.

ಆ ಬಿಲ್ಲೆಯ ಮಹಿಮೆ ಗಿರಣಿ ಕಂಡವರಿಗೆ ಗೊತ್ತು. ಬಾಗಿಲ ಒಳಗೆ ಒಂದು ದೊಡ್ಡ ಹಲಗೆ, ಹಲಗೆಯ ತುಂಬ ಕೊಕ್ಕೆಗಳು, ಕೊಕ್ಕೆಗೊಂದು ನಂಬರು. ಕೆಲಸಗಾರ ಒಳಗೆ ಬರುವಾಗ ತನ್ನ ಬಿಲ್ಲೆಯನ್ನು ತನ್ನ ಕೊಕ್ಕೆಗೆ ಹಾಕಬೇಕು. ಎರಡನೇ ಕೂಗು ಆದಮೇಲೂ ಯಾವ ಕೊಕ್ಕೆ ಖಾಲಿ ಇರುತ್ತದೋ ಆ ಮಗ್ಗಕ್ಕೆ ಅವತ್ತು ಬದಲಿ ಆಳು. ಬದಲಿಯವರು ದಿನಾ ಬೆಳಿಗ್ಗೆ ಬಾಗಿಲ ಹೊರಗೆ ಗುಂಪಾಗಿ ನಿಂತು ಆ ಹಲಗೆಯನ್ನೇ ನೋಡುತ್ತಿದ್ದರು. ಯಾರಿಗಾದರೂ ಜ್ವರ ಬಂದರೆ ಇವರಿಗೆ ಅವತ್ತು ಕೂಲಿ. ಮಗ್ಗದವರ ಮೇಲ್ವಿಚಾರಣೆಗೆ ಇರುವ ಜಾಬರ್ ಹೊರಗೆ ಬಂದು ಕೈ ತೋರಿಸಿದವನು ಒಳಗೆ, ಉಳಿದವರು ಮನೆಗೆ.

ಗುತ್ತೆಪ್ಪನ ಕೊಕ್ಕೆ ಮೂರು ವರ್ಷ ಒಂದು ದಿನವೂ ಖಾಲಿ ಇರಲಿಲ್ಲ. ೧೯೫೮ರ ಬೇಸಿಗೆಯಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಅದು ಮೊದಲ ಸಲ ಬಂತು. ಏನು ಬಂತು ಅಂದರೆ ಅವನಿಗೂ ಹೇಳಲು ಗೊತ್ತಾಗುತ್ತಿರಲಿಲ್ಲ. ಲಾಳಿ ಓಡುತ್ತಿತ್ತು, ಬಟ್ಟೆ ಇಳಿಯುತ್ತಿತ್ತು, ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೈ ಜೋಮು ಹಿಡಿಯಿತು, ಗಂಟಲು ಕಟ್ಟಿತು, ಅಂಗಿ ಬೆವರಿನಲ್ಲಿ ನೆನೆಯಿತು. ನಿಂತಲ್ಲೇ ಸತ್ತುಹೋಗುತ್ತೇನೆ ಅನ್ನಿಸಿತು. ನೂರಾರು ಮಗ್ಗಗಳ ಗದ್ದಲದಲ್ಲಿಯೂ ಅವನಿಗೆ ತನ್ನ ಎದೆಯ ಸದ್ದೊಂದೇ ಕೇಳಿಸುತ್ತಿತ್ತು. ಮಗ್ಗ ನಿಲ್ಲಿಸಿ ಹೊರಗೆ ಓಡಿದ, ನೀರಿನ ತೊಟ್ಟಿಯ ಪಕ್ಕ ಕುಕ್ಕರಿಸಿದ. ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಯಿತು. ಆದರೆ ಹದಿನೈದು ದಿನಕ್ಕೆ ಮತ್ತೆ ಬಂತು.

ದೊಡ್ಡಾಸ್ಪತ್ರೆಯ ಡಾಕ್ಟರು ಕೊಳವೆ ಇಟ್ಟು ನೋಡಿ, "ಎದೆ ಗಟ್ಟಿಯಾಗಿದೆ, ಹೋಗಯ್ಯ" ಎಂದರು. ಓಣಿಯವರು ಗಾಳಿ ಸೋಕಿದೆ ಎಂದರು, ಮದುವೆ ಮಾಡಿದರೆ ಸರಿಹೋಗುತ್ತೆ ಎಂದರು. ಗುತ್ತೆಪ್ಪ ಯಾವುದನ್ನೂ ನಂಬಲಿಲ್ಲ. ಅವನಿಗೆ ಅನುಮಾನ ಇದ್ದದ್ದು ತನ್ನ ಎದೆಯ ಮೇಲೆ. ಒಂದಲ್ಲ ಒಂದು ದಿನ ಇದು ನಡುನೀರಿನಲ್ಲಿ ಕೈ ಕೊಡುತ್ತದೆ ಎಂಬ ಆ ಅನುಮಾನ ಹೊತ್ತುಕೊಂಡೇ ಅವನು ಊಟ ಮಾಡುತ್ತಿದ್ದ, ಅದನ್ನು ಹೊತ್ತುಕೊಂಡೇ ಮಲಗುತ್ತಿದ್ದ.

ಪಕ್ಕದ ಮಗ್ಗ ಮಸ್ತಾನಸಾಬರದು. ಅಪ್ಪನ ಕಾಲದವರು, ಗಡ್ಡಕ್ಕೆ ಅರಳೆಯ ಧೂಳು ಹಿಡಿದು ಅದರ ಬಿಳುಪು ಧೂಳಿನದೋ ನೆರೆಯದೋ ತಿಳಿಯುತ್ತಿರಲಿಲ್ಲ. ಮಗ್ಗಗಳ ಶೆಡ್ಡಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಅಲ್ಲಿಯವರೆಲ್ಲ ತುಟಿ ಮತ್ತು ಕೈಯಲ್ಲೇ ಮಾತಾಡುತ್ತಿದ್ದರು. ಮೂರನೇ ಸಲ ಗುತ್ತೆಪ್ಪ ಓಡಲು ತಿರುಗಿದಾಗ ಸಾಬರು ಅಡ್ಡ ನಿಂತು, ಅವನ ಮಗ್ಗದಲ್ಲಿ ಹರಿದಿದ್ದ ಒಂದು ಎಳೆಯನ್ನು ತೋರಿಸಿ, ಗಂಟು ಹಾಕು ಎಂದು ಸನ್ನೆ ಮಾಡಿದರು. ನಡುಗುವ ಕೈಯಲ್ಲೇ ಹಾಕಿದ. ಸಾಬರು ಇನ್ನೊಂದು ಎಳೆಯನ್ನು ತಾವೇ ಹರಿದು ಮತ್ತೆ ತೋರಿಸಿದರು. ಹೀಗೆ ಹತ್ತು ಗಂಟು ಹಾಕುವ ಹೊತ್ತಿಗೆ ಎದೆ ಇಳಿದಿತ್ತು.

ಊಟದ ಬಿಡುವಿನಲ್ಲಿ ಸಾಬರು ಬಾಯಿ ಬಿಟ್ಟು ಹೇಳಿದರು. "ಕೇಳು ತಮ್ಮಾ, ಅದು ಬಂದಾಗ ಓಡಬ್ಯಾಡ. ಓಡಿದ್ರೆ ಬೆನ್ನು ಹತ್ತತೈತೆ. ನಿಂತ್ಕೊಂಡು ಗಂಟು ಹಾಕು. ಹತ್ತರಾಗ ಹೋಗ್ಲಿಲ್ಲ ಅಂದ್ರೆ ಇಪ್ಪತ್ತು ಹಾಕು."

"ಸತ್ತೋದ್ರೆ ಸಾಬ್ರೇ?"

"ಸತ್ರೆ ಮಗ್ಗದ ಮುಂದ ಸಾಯಿ. ತೊಟ್ಟಿ ಹತ್ರ ಯಾಕ ಸಾಯ್ತಿ?" ಎಂದು ಸಾಬರು ನಕ್ಕರು. ಆ ನಗು ಗುತ್ತೆಪ್ಪನಿಗೆ ಹಿಡಿಸಲಿಲ್ಲ. ತಾನು ಸಾಯುತ್ತೇನೆ ಅಂದರೆ ಈ ಮುದುಕನಿಗೆ ತಮಾಷೆ ಎಂದು ಮುನಿಸಿಕೊಂಡ.

ಅವನಿಗೆ ಹಿಡಿಸಿದ್ದು ಭಾವನ ಮಾತು. ಭಾವ ಸಣ್ಣಬೀರಪ್ಪ, ಅಕ್ಕ ಅಂಜಿನವ್ವನ ಗಂಡ. ಹರಿಹರದವನು. ಅಕ್ಕ ಗುತ್ತೆಪ್ಪನಿಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನಾಲ್ಕು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳ ಗಂಡ ಅಂದರೆ ಗುತ್ತೆಪ್ಪನಿಗೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಆ ಭಾವ ಅದೇ ಗಿರಣಿಯಲ್ಲಿ ಬದಲಿ ಆಳು. ದಿನಾ ಬೆಳಗಿನ ರೈಲಿಗೆ ಹರಿಹರದಿಂದ ಬಂದು ಗಿರಣಿಯ ಬಾಗಿಲಲ್ಲಿ ನಿಲ್ಲುತ್ತಿದ್ದ. ವಾರದಲ್ಲಿ ಎರಡು ದಿನ ಕೆಲಸ ಸಿಕ್ಕರೆ ಅದೇ ಹೆಚ್ಚು. ಉಳಿದ ದಿನ ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋಗುವ ರೈಲು ಹಿಡಿಯುತ್ತಿದ್ದ.

ಸಣ್ಣಬೀರಪ್ಪನ ಮಾತು ಬೆಣ್ಣೆ. ಗುತ್ತೆಪ್ಪನ ಮುಖ ಬಾಡಿದ್ದು ಕಂಡರೆ ಬಾಗಿಲಲ್ಲೇ ತಡೆದು ಹೆಗಲ ಮೇಲೆ ಕೈ ಇಡುತ್ತಿದ್ದ. "ಯಾಕ ಗುತ್ತೆಪ್ಪ, ರಾತ್ರಿ ನಿದ್ದಿ ಬಂದಿಲ್ಲೇನು? ಕಣ್ಣು ಒಳಗ ಹೋಗ್ಯಾವಲ್ಲಪ್ಪ. ಇವತ್ತೊಂದಿನ ಮನ್ಯಾಗ ಇರು. ಜಾಬರ್‌ಗೆ ನಾನು ಹೇಳ್ತೀನಿ. ಮಗ್ಗ ಎಲ್ಲಿಗೂ ಓಡಿ ಹೋಗಲ್ಲ, ನಾನಿಲ್ಲೇನು ನೋಡ್ಕೊಳ್ಳಾಕೆ?"

ಗುತ್ತೆಪ್ಪ ಬಿಲ್ಲೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ತಿರುಗುತ್ತಿದ್ದ. ಆವರಗೆರೆ ದಾರಿ ಹಿಡಿದ ಕೂಡಲೇ ಎದೆ ಹಗುರಾಗುತ್ತಿತ್ತು. ಎಷ್ಟು ಒಳ್ಳೆಯ ಭಾವ ಎಂದುಕೊಳ್ಳುತ್ತಿದ್ದ. ಅವನು ಮನೆ ಮುಟ್ಟುವ ಮೊದಲೇ ೨೧೨ರ ಕೊಕ್ಕೆ ಖಾಲಿ ಇರುವುದನ್ನು ನೋಡಿ ಜಾಬರ್ ಸಣ್ಣಬೀರಪ್ಪನ ಕಡೆಗೆ ಕೈ ತೋರಿಸಿರುತ್ತಿದ್ದ. ಇದು ಗುತ್ತೆಪ್ಪನಿಗೆ ಗೊತ್ತಿರಲಿಲ್ಲ ಎಂದಲ್ಲ, ಚೆನ್ನಾಗಿ ಗೊತ್ತಿತ್ತು. ತನ್ನಿಂದ ಅಕ್ಕನ ಮನೆಗೂ ಒಂದು ದಿನದ ಅನ್ನವಾಯಿತಲ್ಲ ಎಂದು ಹಿಗ್ಗುತ್ತಿದ್ದ. ದಡ್ಡ! ತನ್ನ ಕಾಯಿಲೆಯನ್ನು ಇನ್ನೊಬ್ಬರು ಉಣ್ಣುತ್ತಿದ್ದಾರೆ ಎಂಬುದು ಅವನಿಗೆ ಹೊಳೆಯಲಿಲ್ಲ. ಮೆತ್ತನೆಯ ಮಾತಿನವರನ್ನೆಲ್ಲ ನಮ್ಮವರು ಅಂದುಕೊಳ್ಳುವ ಜನರಿಗೆ ಇದು ಹೊಳೆಯುವುದೂ ಇಲ್ಲ.

ಮನೆಯಲ್ಲಿ ಕೂತಷ್ಟೂ ಅದು ಬಲಿಯಿತು. ಮೊದಲು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದದ್ದು ವಾರಕ್ಕೆರಡು ಸಲ ಬರತೊಡಗಿತು. ಮೊದಲು ಮಗ್ಗದ ಮುಂದೆ ಮಾತ್ರ ಬರುತ್ತಿತ್ತು, ಆಮೇಲೆ ಗಿರಣಿಯ ಬಾಗಿಲಲ್ಲಿ, ಆಮೇಲೆ ಬೆಳಗಿನ ಕೂಗು ಕಿವಿಗೆ ಬಿದ್ದರೆ ಸಾಕು, ಹಾಸಿಗೆಯಲ್ಲೇ ಬೆವರುತ್ತಿದ್ದ. ಮಸ್ತಾನಸಾಬರು ಒಂದು ಭಾನುವಾರ ಮನೆಗೇ ಬಂದು ಬೈದರು. "ನಿಮ್ಮಪ್ಪನ ಮಗ್ಗ ಅದು. ಖಾಲಿ ಬಿಟ್ಟು ಕೂತಿಯಲ್ಲ, ಬಾ ನಾಳೆ." ಮಾರನೇ ದಿನ ಗುತ್ತೆಪ್ಪ ಬಾಗಿಲ ತನಕ ಹೋದ. ಅಲ್ಲಿ ಭಾವ ಸಿಕ್ಕ. ಎಂದಿನಂತೆ ಹೆಗಲ ಮೇಲೆ ಕೈ ಇಟ್ಟ.

೧೯೬೦ರ ಜನವರಿಯಲ್ಲಿ ಸಣ್ಣಬೀರಪ್ಪ ಒಂದು ಉಪಾಯ ಹೇಳಿದ. "ಹಿಂಗೆ ದಿನಾ ಒದ್ದಾಡೋದು ಬ್ಯಾಡ. ಹರಿಹರಕ್ಕೆ ಹೋಗಿ ನಿಮ್ಮಕ್ಕನ ಹತ್ರ ಒಂದು ತಿಂಗ್ಳು ಇರು. ಹೊಳೆ ಗಾಳಿ, ಅಕ್ಕನ ಕೈ ಊಟ. ನಾನು ನಿನ್ನ ಮನ್ಯಾಗ ಇದ್ಕೊಂಡು ಮಗ್ಗ ನಡಸ್ತೀನಿ. ವಾರಕ್ಕೊಂದು ರಜಾ ಅರ್ಜಿ ಬರೆದುಕೊಡು, ಆಫೀಸಿಗೆ ಮುಟ್ಟಿಸೋದು ನನ್ನ ಜವಾಬ್ದಾರಿ." ತಿಳಿಸದೆ ಎಂಟು ದಿನ ಗೈರುಹಾಜರಾದರೆ ಹೆಸರು ಹೊಡೆಯುವುದು ಗಿರಣಿಯ ಕಾನೂನು. ಅರ್ಜಿ ಇದ್ದರೆ ಭಯವಿಲ್ಲ.

ಹೀಗೆ ಭಾವ ಮೈದುನರು ಮನೆ ಅದಲು ಬದಲು ಮಾಡಿಕೊಂಡರು.

ಹರಿಹರದಲ್ಲಿ ಅಕ್ಕನ ಮನೆ ದೇವಸ್ಥಾನದ ಹಿಂದಿನ ಓಣಿಯಲ್ಲಿತ್ತು. ಅಂಜಿನವ್ವ ತಮ್ಮನ ನೆತ್ತಿಗೆ ಎಣ್ಣೆ ತಟ್ಟಿದಳು, ಬಿಸಿನೀರು ಹೊಯ್ದಳು, ಎದುರಿಗೆ ಕೂತು ಉಣ್ಣಿಸಿದಳು. ಯಾರ ಮುಂದೆಯೂ ಹೇಳದ್ದನ್ನು ಅವನು ಅಕ್ಕನ ಮುಂದೆ ಹೇಳಿಕೊಂಡ. "ಅಕ್ಕಾ, ಅದು ಬಂದಾಗ ನನ್ನೆದಿ ನನ್ನದಲ್ಲ ಅನ್ನಿಸ್ತೈತೆ. ಯಾರೋ ಒಳಗಿಂದ ಬಾಗಿಲು ಗುದ್ದಿದಂಗೆ." ಅಕ್ಕ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು, "ಏನೂ ಆಗಲ್ಲ ಸುಮ್ನಿರು, ನಾನದೀನಲ್ಲ" ಎಂದಳು. ಅವನು ಸಣ್ಣ ಮಗುವಿನಂತೆ ಅತ್ತ. ಅವತ್ತಿಗೆ ಅವನ ಮನಸ್ಸಿನ ಭಾರವೆಲ್ಲ ಇಳಿಯಿತು.

ಭಾನುವಾರ ರಜಾಕ್ಕೆ ಸಣ್ಣಬೀರಪ್ಪ ದಾವಣಗೆರೆಯಿಂದ ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಿದ್ದ. ಗುತ್ತೆಪ್ಪ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟ ಅರ್ಜಿಯನ್ನು ಅಂಗಿ ಜೇಬಿಗೆ ಇಟ್ಟುಕೊಂಡು ಸೋಮವಾರ ಬೆಳಿಗ್ಗೆ ಭಾವ ರೈಲಿಗೆ ಹೋಗುತ್ತಿದ್ದ. ಭಾವನ ವಾರದ ಕೊಳೆಬಟ್ಟೆ ಮನೆಯಲ್ಲಿ ಉಳಿಯುತ್ತಿತ್ತು. ಆ ಬಟ್ಟೆಯ ಗಂಟನ್ನು ಹೊಳೆಗೆ ಹೊತ್ತುಕೊಂಡು ಹೋಗುವುದು ಗುತ್ತೆಪ್ಪನ ಕೆಲಸ. ಅಕ್ಕ ಕಲ್ಲಿನ ಮೇಲೆ ಒಗೆಯುತ್ತಿದ್ದರೆ ಇವನು ಅಷ್ಟು ದೂರದಲ್ಲಿ ಮರದ ಕೆಳಗೆ ಕೂತು ತುಂಗಭದ್ರೆಯ ನೀರು ನೋಡುತ್ತಿದ್ದ.

ಎರಡನೇ ವಾರದಲ್ಲೂ ಒಂದು ಸಲ ಬಂತು, ಹೊಳೆಯ ದಂಡೆಯಲ್ಲೇ. ಅಲ್ಲಿ ಓಡುವುದಕ್ಕೆ ತೊಟ್ಟಿಯೂ ಇರಲಿಲ್ಲ, ಹೆಗಲಿಗೆ ಕೈ ಇಡುವ ಭಾವನೂ ಇರಲಿಲ್ಲ. ಸಾಬರ ಮಾತು ನೆನಪಾಗಿ ಟವೆಲ್ಲಿನ ಅಂಚಿನ ದಶಿ ಹಿಡಿದು ಗಂಟು ಹಾಕುತ್ತ ಕೂತ. ಹದಿನಾಲ್ಕನೇ ಗಂಟಿಗೆ ಹೋಯಿತು. ಮೂರನೇ ವಾರ ಒಂಬತ್ತಕ್ಕೆ ಹೋಯಿತು. ಮುದುಕ ತಮಾಷೆ ಮಾಡಿರಲಿಲ್ಲ ಎಂದು ಅವನಿಗೆ ಆಗ ತಿಳಿಯಿತು. ನಾಲ್ಕನೇ ಭಾನುವಾರ ಭಾವ ಬಂದಾಗ, "ನಾನು ನಾಳೆ ನಿಮ್ಮ ಜೊತೇಲಿ ಬರ್ತೀನಿ ಭಾವ" ಎಂದ.

"ಅವಸರ ಯಾಕ? ಇನ್ನೊಂದು ವಾರ ಇರು" ಎಂದ ಸಣ್ಣಬೀರಪ್ಪ.

"ಹೂಂ, ಇನ್ನೊಂದು ವಾರ ಇರಪ್ಪ" ಎಂದಳು ಅಕ್ಕ. ಹೇಳುವಾಗ ಅವಳು ಒಲೆಯ ಕಡೆ ತಿರುಗಿದ್ದಳು.

ಗುತ್ತೆಪ್ಪ ಐದನೇ ಅರ್ಜಿ ಬರೆದುಕೊಟ್ಟ. ಆದರೆ ಮನಸ್ಸು ನಿಲ್ಲಲಿಲ್ಲ. ಮಂಗಳವಾರ ಬೆಳಿಗ್ಗೆ ಎದ್ದವನೇ, ಹೋಗಿಯೇ ಬಿಡುತ್ತೇನೆ, ಭಾವನಿಗೂ ಹಗುರಾಗಲಿ ಎಂದು ತನ್ನ ಅಂಗಿ ಮತ್ತು ಬಿಲ್ಲೆಗಾಗಿ ಅಕ್ಕನ ತಗಡಿನ ಟ್ರಂಕು ತೆಗೆದ.

"ತಡಿ, ನಾನು ತೆಗೆದುಕೊಡ್ತೀನಿ!" ಎಂದು ಅಂಜಿನವ್ವ ರೊಟ್ಟಿ ಬಿಟ್ಟು ಓಡಿ ಬಂದಳು. ಅಷ್ಟರಲ್ಲಿ ಅವನು ಅಂಗಿ ಎತ್ತಿದ್ದ. ಅಂಗಿಯ ಕೆಳಗೆ ಮಡಿಚಿಟ್ಟ ನಾಲ್ಕು ಕಾಗದ ಇದ್ದವು. ಒಂದು ನೀರಿಗೆ ಬಿದ್ದು ಒಣಗಿದ್ದು. ಶಾಯಿ ಹರಡಿ ಬರಿ ನೀಲಿಯಾಗಿತ್ತು. ಉಳಿದ ಮೂರು ಗರಿಗರಿಯಾಗಿದ್ದವು. ಬಿಡಿಸಿ ನೋಡಿದರೆ ಅವನದೇ ದುಂಡಗಿನ ಅಕ್ಷರ: ಮೈಗೆ ಹುಷಾರಿಲ್ಲದ ಕಾರಣ ಎಂಟು ದಿನ ರಜಾ ಕೊಡಬೇಕಾಗಿ ಪ್ರಾರ್ಥನೆ.

ಗುತ್ತೆಪ್ಪ ಅವನ್ನು ಒಂದರ ಪಕ್ಕ ಒಂದು ನೆಲದ ಮೇಲೆ ಇಟ್ಟ. ಭಾವ ಯಾವುದನ್ನೂ ಆಫೀಸಿಗೆ ಮುಟ್ಟಿಸಿರಲಿಲ್ಲ. ವಾರವೆಲ್ಲ ಜೇಬಿನಲ್ಲೇ ತಿರುಗಿ, ಕೊಳೆ ಅಂಗಿಯ ಜೊತೆ ವಾಪಸು ಬಂದಿದ್ದವು. ಮೊದಲನೆಯದನ್ನು ಅಕ್ಕ ತಿಳಿಯದೆ ನೆನೆಹಾಕಿದ್ದಳು. ಮಿಕ್ಕ ಮೂರನ್ನು ತಿಳಿದೇ ಜೇಬಿನಿಂದ ತೆಗೆದಿಟ್ಟಿದ್ದಳು. ಆ ಬಟ್ಟೆಯ ಗಂಟುಗಳನ್ನೆಲ್ಲ ತಲೆಯ ಮೇಲೆ ಹೊತ್ತು ಹೊಳೆಗೆ ತಂದವನು ತಾನೇ ಎಂಬುದು ಅವನಿಗೆ ನೆನಪಾಯಿತು.

"ಅಕ್ಕಾ, ನಿಂಗೆ ಗೊತ್ತಿತ್ತು."

ಅಂಜಿನವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಒರಗಿದಳು. "ಮೊದಲನೇದು ಸಿಕ್ಕಾಗ ಮರೆತಿರಬೇಕು ಅಂದ್ಕೊಂಡೆ ಕಣೋ. ಎರಡನೇದಕ್ಕೆ ಕೇಳಿದೆ. ಅವಂಗೆ ಮಿಲ್ಲು ಆಗಿಬರಲ್ಲ, ಹೆಂಗೂ ಬಿಡೋನೇ, ಬ್ಯಾರೆಯವರ ಪಾಲಾಗೋ ಬದ್ಲು ನಮಗಾಗ್ಲಿ ಅಂದ್ರು. ನನ್ನ ಹೊಟ್ಟ್ಯಾಗ ಮೂರು ತಿಂಗ್ಳು ಐತೆ. ಹಿಂದಿನ ಎರಡೂ ಉಳಿಲಿಲ್ಲ, ನಿಂಗೊತ್ತು. ಉಪವಾಸ ಇದ್ದು ಇದನ್ನೂ ಕಳ್ಕೊಳ್ಳಲೇನು? ನೀನು ಒಂಟಿ ಜೀವ."

"ನನ್ನ ತಲೀಗೆ ಎಣ್ಣಿ ತಟ್ಟಿದೆಯಲ್ಲ?"

ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವನಿಗೆ ಭಾವನ ಮೇಲೆ ಬಂದದ್ದು ಸಿಟ್ಟು. ಅಕ್ಕನ ಮೇಲೆ ಬಂದದ್ದಕ್ಕೆ ಹೆಸರಿರಲಿಲ್ಲ. ಕಾಗದಗಳನ್ನು ಜೇಬಿಗೆ ತುರುಕಿ, ಬಿಲ್ಲೆ ತೆಗೆದುಕೊಂಡು ಸ್ಟೇಷನ್ನಿಗೆ ನಡೆದ. ರೈಲಿನಲ್ಲಿ ಎದೆ ಹೊಡೆದುಕೊಳ್ಳಲು ಶುರುವಾಯಿತು, ಹಿಂದೆಂದೂ ಇಲ್ಲದಷ್ಟು ಜೋರಾಗಿ. ದಾವಣಗೆರೆ ಬರುವಷ್ಟರಲ್ಲಿ ಟವೆಲ್ಲಿನಲ್ಲಿ ಗಂಟು ಹಾಕಲು ದಶಿಯೇ ಉಳಿದಿರಲಿಲ್ಲ. ಆದರೂ ಇಳಿದು ಗಿರಣಿಯ ಕಡೆಗೇ ನಡೆದ.

೨೧೨ರ ಕೊಕ್ಕೆಯಲ್ಲಿ ಒಂದು ಬಿಲ್ಲೆ ನೇತಾಡುತ್ತಿತ್ತು. ಹೊಸದು, ಫಳಫಳ ಹೊಳೆಯುತ್ತಿತ್ತು. ಗುತ್ತೆಪ್ಪನ ಕೈಯಲ್ಲಿದ್ದದ್ದು ಅಪ್ಪನ ಬೆರಳಿಗೂ ತನ್ನ ಬೆರಳಿಗೂ ಸವೆದ ಹಳೆಯದು. ಹಾಜರಿ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ನೀನೇನಪ್ಪ ಗುತ್ತೆಪ್ಪ? ನಿನ್ನ ಹೆಸರು ಹೊಡೆದು ಎರಡು ವಾರ ಆಯ್ತು. ತಲಿ ಸರಿ ಇಲ್ಲ, ಎಲ್ಲಿಗೋ ಹೋಗ್ಯಾನೆ, ಬಿಲ್ಲೇನೂ ಕಳಕೊಂಡಾನೆ ಅಂತ ನಿಮ್ಮ ಭಾವನೇ ಹೇಳಿದ. ಮನೆಯವರಿಗೇ ಕೊಡೋದು ಇಲ್ಲಿ ರೂಢಿ, ಅವನಿಗೇ ಕಾಯಂ ಆಗೈತೆ."

ಗುತ್ತೆಪ್ಪ ಅರ್ಜಿಗಳನ್ನು ಮೇಜಿನ ಮೇಲೆ ಇಟ್ಟು ನಡೆದದ್ದೆಲ್ಲ ಹೇಳಿದ. ಗುಮಾಸ್ತರು ಕೆಟ್ಟವರಲ್ಲ, ಓದಿ ನೋಡಿದರು. "ಮನ್ಯಾಗ ಇಟ್ಕೊಂಡ ಅರ್ಜಿ ಅರ್ಜಿ ಅಲ್ಲಪ್ಪ, ಇಲ್ಲಿಗೆ ಮುಟ್ಟಬೇಕು. ಅವನ ಕೈಗೆ ಕೊಟ್ಟಿದ್ದೆ ಅನ್ನೋಕೆ ಯಾರಿದಾರೆ? ನಿಮ್ಮಕ್ಕನ್ನ ಕರ್ಕೊಂಡು ಬಾ. ಸಾಹೇಬರ ಮುಂದೆ ಅವಳೊಂದು ಮಾತು ಹೇಳಿದ್ರೆ ನೋಡೋಣ."

ಮಾರನೇ ದಿನ ಗುತ್ತೆಪ್ಪ ಮತ್ತೆ ಹರಿಹರಕ್ಕೆ ಹೋದ. ಅಕ್ಕನ ಮುಂದೆ ನಿಂತು ಕೇಳಿದ, "ಒಂದು ಮಾತು ಹೇಳಕ್ಕಾ, ನಿಜ ಏನೈತೋ ಅಷ್ಟೇ." ಅಂಜಿನವ್ವ ಅತ್ತಳು, ಅವನ ಗಲ್ಲ ಸವರಿದಳು, ಊಟ ಮಾಡು ಎಂದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಅವನು ಸಂಜೆಯ ರೈಲಿನ ತನಕ ಕಟ್ಟೆಯ ಮೇಲೆ ಕಾದು ಒಬ್ಬನೇ ಎದ್ದು ಬಂದ. ಆ ಮನೆಯ ಹೊಸ್ತಿಲನ್ನು ಮತ್ತೆ ದಾಟಲಿಲ್ಲ. ಆಗಸ್ಟಿನಲ್ಲಿ ಕೂಸು ಹುಟ್ಟಿ ಉಳಿಯಿತು ಎಂದು ಬೇರೆಯವರ ಬಾಯಿಂದ ಕೇಳಿದ. ಗಂಡು ಕೂಸು. ಅದಕ್ಕೆ ಗುತ್ತೆಪ್ಪನ ಅಪ್ಪನ ಹೆಸರಿಟ್ಟಿದ್ದರು.

ಹಳೆಯ ಬಿಲ್ಲೆಯನ್ನು ಗಿರಣಿಯವರು ವಾಪಸು ತೆಗೆದುಕೊಂಡರು. ಭಾವ ಗುತ್ತೆಪ್ಪನ ಮನೆ ಬಿಟ್ಟು ಮತ್ತೆ ಹರಿಹರದಿಂದ ರೈಲಿಗೆ ಬರತೊಡಗಿದ. ಗುತ್ತೆಪ್ಪ ಬಾಗಿಲ ಹೊರಗೆ ಬದಲಿಯವರ ಗುಂಪಿನಲ್ಲಿ ನಿಲ್ಲತೊಡಗಿದ. ಜನರ ಎದುರಿಗೆ, ತನ್ನದೇ ಕೊಕ್ಕೆಯನ್ನು ನೋಡುತ್ತ ನಿಲ್ಲುವುದು ಸಣ್ಣ ಮಾತಲ್ಲ. ಮೊದಲ ಒಂದು ವಾರ ದಿನಾ ಬೆಳಿಗ್ಗೆ ಅದು ಬಂತು. ಬಂದಾಗ ಅವನು ಅಲ್ಲೇ ನಿಂತ. ಗಂಟು ಹಾಕಿದ, ಬೆವರಿದ, ಒಂದು ಸಲ ಕಂಬ ಹಿಡಿದುಕೊಂಡ. ಮನೆಯ ದಾರಿ ಮಾತ್ರ ಹಿಡಿಯಲಿಲ್ಲ. ಇನ್ನು ಮನೆಗೆ ಹೋಗು ಎನ್ನುವವರು ಯಾರೂ ಉಳಿದಿರಲಿಲ್ಲ ಎಂಬುದೂ ಒಂದು ಕಾರಣ ಇರಬಹುದು. ಎಂಟನೇ ದಿನ ಮಸ್ತಾನಸಾಬರು ಜಾಬರಿನ ಕಿವಿ ಕಚ್ಚಿ ಅವನನ್ನು ಒಳಗೆ ಹಾಕಿಸಿದರು. ಅದು ಹೋಯಿತೇ ಅಂದರೆ, ಪೂರ್ತಿ ಹೋಗಲಿಲ್ಲ. ಬರುತ್ತಿತ್ತು, ಹೋಗುತ್ತಿತ್ತು. ಅವನು ನಿಂತಿರುತ್ತಿದ್ದ.

೧೯೬೧ರ ಶ್ರಾವಣದಲ್ಲಿ ಒಂದು ದಿನ ಅವನಿಗೆ ಸಿಕ್ಕ ಬದಲಿ ೨೧೩ರದು. ಮಸ್ತಾನಸಾಬರು ಅವತ್ತು ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದರು. ಪಕ್ಕದಲ್ಲೇ ಅಪ್ಪನ ಮಗ್ಗ, ಅದರ ಮುಂದೆ ಸಣ್ಣಬೀರಪ್ಪ. ಬೆಳಗಿನಿಂದ ಇಬ್ಬರೂ ತಂತಮ್ಮ ಎಳೆ ನೋಡುತ್ತ ನೇಯ್ದರು. ಊಟದ ಕೂಗು ಆಗಿ ಮಗ್ಗಗಳು ನಿಂತ ಮೇಲೆ ಸಣ್ಣಬೀರಪ್ಪ ಬುತ್ತಿಗಂಟು ಹಿಡಿದು ಹತ್ತಿರ ಬಂದ. ಹಳೆಯ ಅಭ್ಯಾಸ, ಹೆಗಲ ಮೇಲೆ ಕೈ ಇಟ್ಟ.

"ನೀನು ಇಲ್ಲಿಗೆ ಬರೋದು ಗೊತ್ತಾದಾಗಿಂದ ನಿಮ್ಮಕ್ಕ ದಿನಾ ಎರಡು ರೊಟ್ಟಿ ಹೆಚ್ಚಿಗೆ ಕಟ್ತಾಳೆ. ತಗಾ. ಎದಿ ಹೆಂಗೈತೆ ಈಗ? ಮುಖ ಬಾಡೈತೆ. ಆಗದಿದ್ರೆ ಮನೆಗೆ ಹೋಗು, ಜಾಬರ್‌ಗೆ ನಾನು ಹೇಳ್ತೀನಿ."

ಗುತ್ತೆಪ್ಪ ಆ ಕೈಯನ್ನು ಹೆಗಲಿಂದ ಎತ್ತಿ ಕೆಳಗಿಟ್ಟ. ಮರ್ಯಾದೆಯ ಮಾತು ಬಿಡಲಿಲ್ಲ.

"ರೊಟ್ಟಿ ವಾಪಸ್ ತಗೊಂಡು ಹೋಗ್ರಿ ಭಾವ. ಅಕ್ಕ ಮಡಿಚಿ ಟ್ರಂಕಿನಾಗ ಇಟ್ಕೊಳ್ಳಲಿ. ಎದಿ ಕೇಳಿದ್ರಲ್ಲ? ಹೊಡ್ಕಂತೈತೆ. ಇವತ್ತು ಬೆಳಿಗ್ಗೆನೂ ಹೊಡ್ಕಂತು. ಇದೇ ನಂಗೆ ಕೈ ಕೊಡತೈತೆ ಅಂತ ಮೂರು ವರ್ಷ ಇದರ ಮ್ಯಾಲೆ ಅನುಮಾನಪಟ್ಟೆ. ಇದು ಒಂದು ದಿನಾನೂ ಗೈರುಹಾಜರಾಗಿಲ್ರಿ. ಕೈ ಕೊಟ್ಟೋರು ಬ್ಯಾರೆ."

ಸಣ್ಣಬೀರಪ್ಪ ಬುತ್ತಿಗಂಟು ಹಿಡಿದುಕೊಂಡೇ ನಿಂತ. ಮತ್ತೆ ಕೂಗು ಆಯಿತು. ಗುತ್ತೆಪ್ಪ ಮಗ್ಗ ಶುರು ಮಾಡಿದ. ಸ್ವಲ್ಪ ಹೊತ್ತಿಗೆ ಒಂದು ಎಳೆ ಹರಿಯಿತು, ಬಗ್ಗಿ ಗಂಟು ಹಾಕಿದ.